ಬಿಸಿಲ ಸೀಮೆಗೆ ಹಳೆಯ ಟೆಲಿ ಲೆನ್ಸ್

ಕ್ಯಾಮೆರಾ ಕೊಂಡು ಐದಾರು ತಿಂಗಳಾದ ಹುಡುಗರು ನನ್ನ ಹತ್ತಿರ ಬಂದರೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಾರ್, ದೂರದ ಹಕ್ಕಿ ತೆಗೆಯೋಕೆ ಯಾವ ಲೆನ್ಸ್ ತಗೊಳ್ಳಲಿ?" ಕ್ಯಾಮೆರಾ ಜೊತೆಗೇ ಬಂದ 18-55 ಲೆನ್ಸ್‌ನಲ್ಲಿ ಕರೆಂಟ್ ತಂತಿಯ ಮೇಲೆ ಕೂತ ನೀಲಕಂಠ ಸಾಸಿವೆ ಕಾಳಿನಷ್ಟು ಕಾಣುತ್ತದೆ. 150-600ರ ಲೆನ್ಸ್ ವಿಚಾರಿಸಿದರೆ ಲಕ್ಷದ ಆಸುಪಾಸು ಹೇಳುತ್ತಾರೆ. ಹತ್ತಿ, ಮೆಣಸಿನಕಾಯಿ, ಭತ್ತ ನಂಬಿಕೊಂಡ ಮನೆಯಲ್ಲಿ ಹವ್ಯಾಸಕ್ಕೆಂದು ಅಷ್ಟು ದುಡ್ಡು ಕೇಳುವುದು ಹೇಗೆ? ಎಷ್ಟೋ ಕ್ಯಾಮೆರಾಗಳು ಇದೇ ಘಟ್ಟದಲ್ಲಿ ಬೀರು ಸೇರಿಬಿಡುತ್ತವೆ.

ಅವರಿಗೆಲ್ಲ ನಾನು ಹೇಳುವುದು ಇಷ್ಟು: ಫೋಕಸ್ಸನ್ನು ಕೈಯಿಂದಲೇ ತಿರುಗಿಸಬೇಕಾದ ಹಳೆಯ ಟೆಲಿ ಲೆನ್ಸ್ ಒಂದನ್ನು ಹುಡುಕಿಕೊಳ್ಳಿ. ನಾಲ್ಕೈದು ಸಾವಿರದಿಂದ ಹತ್ತು ಹನ್ನೆರಡು ಸಾವಿರದೊಳಗೆ ಒಳ್ಳೆಯದು ಸಿಗುತ್ತದೆ. ಮಲೆನಾಡಿನ ಕಾಡಿನೊಳಗೆ ಅದು ಕಷ್ಟ ಕೊಡಬಹುದು. ನಮ್ಮ ಕಡೆ ಕೊಡುವುದಿಲ್ಲ. ಅಗ್ಗದ ಲೆನ್ಸ್‌ಗೆ ಬೇಕಾದ ಮೊದಲ ವಸ್ತು ಬೆಳಕು. ಕುರುಗೋಡು, ಸಿರುಗುಪ್ಪ, ಬಳ್ಳಾರಿಯಲ್ಲಿ ಬೆಳಕಿಗೆ ಎಂದೂ ಬರವಿಲ್ಲ. ಮರ ವಿರಳ, ಬಯಲು ಅಗಲ, ಹಕ್ಕಿ ಕೂರುವ ಜಾಗ ದೂರದಿಂದಲೇ ಕಾಣುತ್ತದೆ. ಆದರೆ ಇದೇ ಬಿಸಿಲು ಹೊತ್ತೇರಿದಂತೆ ಚಿತ್ರವನ್ನು ಕೆಡಿಸುತ್ತದೆ. ಬಿಸಿಲು ಎಷ್ಟು ಹೊತ್ತಿನವರೆಗೆ ನಮ್ಮ ಕಡೆಗಿದೆ, ಯಾವಾಗ ತಿರುಗಿಬೀಳುತ್ತದೆ ಎಂದು ಗೊತ್ತಾದವರಿಗೆ ಈ ಲೆನ್ಸ್ ಅರ್ಧ ಒಲಿದಂತೆ.

ಕೈಯಿಂದ ಫೋಕಸ್ ಮಾಡುವುದು ಬಡವರ ಉಪಾಯ ಎಂದು ಯಾರೂ ತಿಳಿಯಬೇಕಾಗಿಲ್ಲ. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಆಟೊಫೋಕಸ್ ವ್ಯಾಪಕವಾಗಿ ಬಳಕೆಗೆ ಬಂದದ್ದೇ 1985ರಲ್ಲಿ ಮಿನೋಲ್ಟಾ 7000 ಮಾರುಕಟ್ಟೆಗೆ ಇಳಿದ ಮೇಲೆ. ಅದಕ್ಕೆ ಮುಂಚಿನ ವನ್ಯಜೀವಿ ಚಿತ್ರಗಳು ಹೆಚ್ಚುಕಡಿಮೆ ಎಲ್ಲವೂ ಬೆರಳ ತುದಿಯಿಂದ ಆದವು. ನಮ್ಮ ಪಕ್ಕದ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರನ್ನೇ ನೋಡಿ. 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಪ್ಪು-ಬಿಳುಪಿನ ವನ್ಯಜೀವಿ ಛಾಯಾಗ್ರಹಣದಲ್ಲಿ ದೇಶದ ಹೊರಗೂ ಹೆಸರು ಮಾಡಿದವರು. ಆನೆ, ಕಾಟಿಗಳ ಚಿತ್ರಗಳಿರುವ ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಪುಸ್ತಕ 1983ರಲ್ಲಿ ಬಂತು, ಅಂದರೆ ಆ ಮಿನೋಲ್ಟಾಗಿಂತ ಎರಡು ವರ್ಷ ಮೊದಲು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಕೆಲಸ ಕಲಿತದ್ದೂ ಕೈ ಫೋಕಸ್ಸಿನಲ್ಲೇ. ಇವರ ಬಳಿ ಇದ್ದ ಲೆನ್ಸ್‌ಗಳು ಅಗ್ಗದವಾಗಿರಲಿಲ್ಲ ಎಂಬುದು ನಿಜ. ಕೈಕೆಲಸ ಮಾತ್ರ ನೀವು ಮಾಡಬೇಕಾದದ್ದೇ.

ಯಾವುದನ್ನು ಕೊಳ್ಳಬೇಕು

ಮೊದಲ ಲೆನ್ಸ್ 135 ಇಲ್ಲವೇ 200 ಎಂಎಂ ಇರಲಿ. 500 ಎಂಎಂ ಎಂದರೆ ಬಾಯಲ್ಲಿ ನೀರೂರುತ್ತದೆ, ಆದರೆ ಅದರಿಂದ ಶುರು ಮಾಡಿದವರಲ್ಲಿ ಬೇಸತ್ತು ಬಿಟ್ಟವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ಚಿಕ್ಕದಾದ್ದರಿಂದ 200 ಎಂಎಂ ಲೆನ್ಸ್ ಅದರಲ್ಲಿ 300 ಎಂಎಂನ ನೋಟ ಕೊಡುತ್ತದೆ. ಒಂದಡಿ ಉದ್ದದ ನೀಲಕಂಠ 15 ಮೀಟರ್ ದೂರದಲ್ಲಿದ್ದರೆ 200 ಎಂಎಂನಲ್ಲಿ ಚಿತ್ರದ ಅಗಲದ ಆರನೇ ಒಂದು ಭಾಗ ತುಂಬುತ್ತದೆ, 300 ಎಂಎಂನಲ್ಲಿ ಕಾಲು ಭಾಗ. ಸುತ್ತಲಿನ ಹೊಲ, ತಂತಿ, ಆಕಾಶ ಸೇರಿ ಒಳ್ಳೆಯ ಚಿತ್ರವಾಗಲು ಇಷ್ಟು ಸಾಕು.

ಹಳೆಯ ಲೆನ್ಸ್‌ಗಳಲ್ಲಿ ಹೆಸರು ಕೇಳಿ ಧೈರ್ಯವಾಗಿ ಕೊಳ್ಳಬಹುದಾದವು ಕೆಲವಿವೆ: ಪೆಂಟಾಕ್ಸ್‌ನ ಟಕುಮಾರ್ 135 ಎಫ್/3.5 ಮತ್ತು 200 ಎಫ್/4, ರಷ್ಯಾದ ಜುಪಿಟರ್-37ಎ, ಪೂರ್ವ ಜರ್ಮನಿಯ ಪೆಂಟಾಕಾನ್ 135 ಎಫ್/2.8, ನಿಕಾನ್‌ನ 200 ಎಫ್/4. ಮೊದಲ ಮೂರೂ ಹೆಸರಿನವು ಬಹುಪಾಲು ಎಂ42 ಎಂಬ ತಿರುಪಿನ ಮೌಂಟ್‌ನವು, ಬಾಟಲಿ ಮುಚ್ಚಳದಂತೆ ತಿರುಗಿಸಿ ಕೂರಿಸುವಂಥವು.

ಮೌಂಟ್ ವಿಷಯದಲ್ಲಿ ಎಡವಿದರೆ ದುಡ್ಡು ನೀರುಪಾಲು. ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದವರು ಎಂ42 ಲೆನ್ಸ್‌ಗೆ ತೆಳುವಾದ ಲೋಹದ ಬಳೆ ಅಡಾಪ್ಟರ್ ಹಾಕಿದರೆ ಕೆಲಸ ಮುಗಿಯಿತು. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರ್ ತುಸು ಹಿಂದಕ್ಕಿರುವುದರಿಂದ ಅದೇ ಲೆನ್ಸ್ ಹತ್ತಿರದ್ದನ್ನಷ್ಟೇ ಫೋಕಸ್ ಮಾಡುತ್ತದೆ, ದೂರದ ಗುಡ್ಡಕ್ಕೆ ಮುಟ್ಟುವುದಿಲ್ಲ. ಗಾಜು ಸೇರಿಸಿದ ಅಡಾಪ್ಟರ್ ಹಾಕಿದರೆ ಮುಟ್ಟುತ್ತದೆ, ಆದರೆ ಆ ಅಗ್ಗದ ಗಾಜು ಚಿತ್ರವನ್ನು ಮಸುಕಾಗಿಸುತ್ತದೆ. ಹಾಗಾಗಿ ನಿಕಾನ್‌ನವರು ನಿಕಾನ್‌ನದೇ ಹಳೆಯ ಲೆನ್ಸ್ ಹುಡುಕುವುದು ಮೇಲು. ಅದರಲ್ಲೂ 1977ರ ನಂತರದ ಎಐ ಮಾದರಿಯದಾಗಿರಲಿ. ಅದಕ್ಕೂ ಹಳೆಯದು ಕೆಲವು ಕ್ಯಾಮೆರಾಗಳ ಮೌಂಟ್ ಬಳಿಯ ಸಣ್ಣ ಕೊಂಡಿಯನ್ನು ಮುರಿಯಬಹುದು. ಕ್ಯಾನನ್‌ನ ಹಳೆಯ ಎಫ್‌ಡಿ ಲೆನ್ಸ್ ಇಂದಿನ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹೊಂದುವುದಿಲ್ಲ ಎಂದರೆ ಬಹಳ ಜನ ನಂಬುವುದೇ ಇಲ್ಲ. ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಪುಣ್ಯವಂತರು. ಸರಿಯಾದ ಅಡಾಪ್ಟರ್ ಇದ್ದರೆ ಅವರಿಗೆ ಹಳೆಯ ಎಸ್‌ಎಲ್‌ಆರ್ ಲೆನ್ಸ್‌ಗಳು ಹೆಚ್ಚುಕಡಿಮೆ ಎಲ್ಲವೂ ಹೊಂದುತ್ತವೆ. ಜೊತೆಗೆ ಫೋಕಸ್ ಆದ ಅಂಚುಗಳಿಗೆ ಪರದೆಯ ಮೇಲೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಸೌಲಭ್ಯವೂ ಇರುತ್ತದೆ.

ಕೈಗೆ ಬಂದ ಲೆನ್ಸನ್ನು ದುಡ್ಡು ಕೊಡುವ ಮೊದಲು ಪರೀಕ್ಷಿಸಿ. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಬೇಕು. ಒಂದೆರಡು ದೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂತೆ ಎಳೆಎಳೆಯಾಗಿ ಕಂಡರೆ ಅದು ಬೂಷ್ಟು. ಗಾಜಿಗೆ ಉಸಿರು ಬಿಟ್ಟಂತೆ ಮಂಜು ಕಂಡರೆ ಅದೂ ಬೇಡ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಜಿನುಗಿದ್ದರೆ ಬೇಸಿಗೆಯಲ್ಲಿ ಅವು ಅಂಟಿಕೊಳ್ಳುತ್ತವೆ. ಫೋಕಸ್ ಬಳೆ ಒಂದೇ ಬಿಗಿಯಲ್ಲಿ, ಎಲ್ಲೂ ಕಚ್ಚದೆ ತಿರುಗಬೇಕು. ಇಡೀ ಲೆನ್ಸ್‌ನಲ್ಲಿ ನಿಮ್ಮ ಬೆರಳು ದಿನವೂ ಮಾತಾಡುವುದು ಅದರ ಜೊತೆಗೇ. ನಾನು ಚಿತ್ರ ನೋಡಿಯೇ ಒಂದು ಲೆನ್ಸ್ ತರಿಸಿಕೊಂಡಿದ್ದೆ. ಮಾರಿದವರು 'ಗಾಜು ಸ್ವಚ್ಛ' ಎಂದಿದ್ದರು. ಟಾರ್ಚ್ ಬಿಟ್ಟರೆ ಒಳಗೆಲ್ಲ ಬಿಳಿ ಬೇರು ಹಬ್ಬಿತ್ತು. ಅಂದಿನಿಂದ ಕೈಯಲ್ಲಿ ಹಿಡಿದು ನೋಡದೆ, ಇಲ್ಲವೇ ವಾಪಸ್ ತೆಗೆದುಕೊಳ್ಳುವ ಖಾತ್ರಿ ಬರಹದಲ್ಲಿ ಸಿಗದೆ ನಾನು ಕೊಳ್ಳುವುದಿಲ್ಲ.

ಹೊಸದಾಗಿ ಸಿಗುವ 420-800 ಎಂಎಂನ ಉದ್ದ ಕೊಳವೆಯಂಥ ಲೆನ್ಸ್‌ಗಳ ಬಗ್ಗೆಯೂ ಕೇಳುತ್ತಾರೆ. ಎಫ್/8.3ರಿಂದ ಎಫ್/16ರವರೆಗಿನ ಅಪರ್ಚರ್, 800ಕ್ಕೆ ಎಳೆದರೆ ಚಿತ್ರ ಮೆತ್ತಗೆ. ನನ್ನ ತೀರ್ಪು: ಬೇಡ. 500 ಎಂಎಂ ಎಫ್/8ರ ಮಿರರ್ ಲೆನ್ಸ್ ಹಗುರ, ಗಿಡ್ಡ, ನಮ್ಮ ಬಿಸಿಲಿಗೆ ಪರವಾಗಿಲ್ಲ. ಆದರೆ ಹಿನ್ನೆಲೆಯಲ್ಲಿ ಹೊಳೆಯುವ ಎಲೆ, ನೀರು ಇದ್ದರೆ ಅವೆಲ್ಲ ಉದ್ದಿನವಡೆಯಂತೆ ಬಳೆಬಳೆಯಾಗಿ ಮೂಡುತ್ತವೆ. ಎರಡನೇ ಲೆನ್ಸ್ ಆಗಿ ಇರಲಿ. ಮೊಬೈಲ್‌ಗೆ ಕ್ಲಿಪ್ ಹಾಕುವ ಟೆಲಿ ಲೆನ್ಸ್‌ಗೆ ಮಾತ್ರ ಒಂದು ರೂಪಾಯಿಯನ್ನೂ ಹಾಕಬೇಡಿ.

ಮೀಟರ್ ಇಲ್ಲದೆ ಬೆಳಕು ಅಳೆಯುವುದು

ಹಳೆಯ ಲೆನ್ಸ್ ಕೂರಿಸಿದೊಡನೆ ಕ್ಯಾಮೆರಾ 'ಲೆನ್ಸ್ ಇಲ್ಲ' ಎಂದು ಹಟ ಹಿಡಿಯಬಹುದು. ಮಿರರ್‌ಲೆಸ್‌ಗಳಲ್ಲಿ ಮೆನುವಿನೊಳಗೆ ಲೆನ್ಸ್ ಇಲ್ಲದೆಯೂ ಷಟರ್ ಬಿಡುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ನಿಕಾನ್‌ನ 3000, 5000 ಸಾಲಿನ ಕ್ಯಾಮೆರಾಗಳು ಎಂ ಮೋಡ್‌ನಲ್ಲಿ ಚಿತ್ರ ತೆಗೆಯುತ್ತವೆ, ಬೆಳಕು ಮಾತ್ರ ಅಳೆದುಕೊಡುವುದಿಲ್ಲ. ಇದಕ್ಕೆ ಹೆದರಬೇಡಿ. ಬಳ್ಳಾರಿ ಜಿಲ್ಲೆಯ ಬಿಸಿಲು ವರ್ಷದ ಬಹುಪಾಲು ದಿನ ಒಂದೇ ಸಮ ಇರುತ್ತದೆ, ಮೀಟರ್ ಮಾಡುವ ಕೆಲಸವನ್ನು ಬಾಯಿಲೆಕ್ಕ ಮಾಡುತ್ತದೆ.

ಫಿಲಂ ಕಾಲದ ಲೆಕ್ಕ ಅದು. ನಿಚ್ಚಳ ಬಿಸಿಲಿನಲ್ಲಿ ಎಫ್/16 ಇಟ್ಟರೆ ಷಟರ್ ವೇಗ ಐಎಸ್‌ಒ ಸಂಖ್ಯೆಯಷ್ಟೇ ಇರಲಿ. ಐಎಸ್‌ಒ 400 ಆದರೆ 1/400. ಎಫ್/8ಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟು, ಆದ್ದರಿಂದ 1/1600. ನಾನು ನೆನಪಿಟ್ಟುಕೊಂಡಿರುವುದು ಇದೊಂದನ್ನೇ: ಐಎಸ್‌ಒ 400, ಎಫ್/8, 1/1600. ಸೂರ್ಯ ಹುಟ್ಟಿದ ಮೊದಲ ಮುಕ್ಕಾಲು ಗಂಟೆಯಲ್ಲಿ ಎಫ್/5.6, 1/800. ಒಂದು ಚಿತ್ರ ತೆಗೆದು ಪರದೆಯಲ್ಲಿ ನೋಡಿ, ಬೇಕಾದರೆ ಒಂದು ಹೆಜ್ಜೆ (ಸ್ಟಾಪ್) ಆಚೀಚೆ. ಬೆಳ್ಳಕ್ಕಿಯಂಥ ಬಿಳಿ ಹಕ್ಕಿಗೆ ಅರ್ಧದಿಂದ ಒಂದು ಸ್ಟಾಪ್ ಇಳಿಸಿ, ಇಲ್ಲದಿದ್ದರೆ ಗರಿಯ ಗೆರೆಗಳು ಮಾಯವಾಗಿ ಸುಣ್ಣ ಬಳಿದಂತಾಗುತ್ತದೆ.

ಕೈ ನಡುಕದ ಲೆಕ್ಕವೂ ಸುಲಭ. 200 ಎಂಎಂ ಲೆನ್ಸ್ ಚಿಕ್ಕ ಸೆನ್ಸರ್‌ನಲ್ಲಿ 300ರಂತೆ ವರ್ತಿಸುವುದರಿಂದ ಷಟರ್ 1/300ಕ್ಕಿಂತ ನಿಧಾನ ಇರಕೂಡದು. 1/500 ಇದ್ದರೆ ನಿಶ್ಚಿಂತೆ. ಬಾಡಿಯಲ್ಲೇ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಮೆನುವಿನಲ್ಲಿ ಲೆನ್ಸ್‌ನ ಎಂಎಂ ಸಂಖ್ಯೆಯನ್ನು ನೀವೇ ತುಂಬಬೇಕು. ಇದನ್ನು ಮರೆತರೆ ಆ ವ್ಯವಸ್ಥೆಯೇ ಚಿತ್ರವನ್ನು ಅಲ್ಲಾಡಿಸುತ್ತದೆ.

ಟ್ರೈಪಾಡ್‌ಗಿಂತ ನನಗೆ ಹೆಚ್ಚು ನೆರವಾಗಿರುವುದು ಒಂದು ಜೀನ್ಸ್ ಕಾಲು. ಬಳ್ಳಾರಿ ಜೀನ್ಸ್ ಹೊಲಿಯುವ ಊರು, ಹಳೆಯ ಪ್ಯಾಂಟ್ ಇಲ್ಲದ ಮನೆಯಿಲ್ಲ. ಮೊಣಕಾಲಿನಿಂದ ಕೆಳಗಿನ ತುಂಡು ಕತ್ತರಿಸಿ, ಒಂದು ಬಾಯಿ ಎರಡು ಸಲ ಹೊಲಿದು, ಮುಕ್ಕಾಲು ಭಾಗ ಜೋಳ ತುಂಬಿ, ಇನ್ನೊಂದು ಬಾಯಿಗೂ ಹೊಲಿಗೆ ಹಾಕಿ. ಬಿರಿಯುವಂತೆ ತುಂಬಬಾರದು, ನಡುವೆ ಒತ್ತಿದರೆ ತಗ್ಗಾಗಬೇಕು. ಬೈಕಿನ ಸೀಟು, ಕಾಲುವೆಯ ಕಟ್ಟೆ, ಬಂಡೆ, ನಿಂತ ಟ್ರ್ಯಾಕ್ಟರ್, ಎಲ್ಲಿ ಇಟ್ಟರೂ ಕೂರುತ್ತದೆ. ಆ ತಗ್ಗಿನಲ್ಲಿ ಲೆನ್ಸ್‌ನ ಕೊಳವೆ ಮಲಗಿಸಿ, ಎಡಗೈಯ ಹೆಬ್ಬೆರಳು ತೋರುಬೆರಳಲ್ಲಿ ಬಳೆ ತಿರುಗಿಸಿದರೆ 1/125ರಲ್ಲೂ ಚೊಕ್ಕ ಚಿತ್ರ ಬರುತ್ತದೆ. ಆರು ತಿಂಗಳಿಗೊಮ್ಮೆ ಜೋಳ ಬದಲಿಸಿ, ನುಸಿ ಬೀಳುತ್ತದೆ.

ಬಂಡೆಯ ಮೇಲೆ ಕುಣಿಯುವ ಗಾಳಿ

ನಮ್ಮ ಕಡೆಯ ಹವ್ಯಾಸಿಗಳು ಲೆನ್ಸ್‌ನ ಮೇಲೆ ಹೊರಿಸುವ ತಪ್ಪುಗಳಲ್ಲಿ ಬಹುಪಾಲು ಲೆನ್ಸ್‌ನದಲ್ಲ, ಬಿಸಿಗಾಳಿಯದು. ಕುರುಗೋಡಿನ ಬೆಟ್ಟಗಳು ಬೋಳು ಬಂಡೆಯವು. ಸೂರ್ಯ ಹುಟ್ಟಿದ ಎರಡು ಮೂರು ಗಂಟೆಯಲ್ಲಿ ಆ ಬಂಡೆಗಳು, ಕೆಳಗಿನ ಕಪ್ಪು ಎರೆಹೊಲ, ಡಾಂಬರು ರಸ್ತೆ ಎಲ್ಲವೂ ಕಾದು ಮೇಲಿನ ಗಾಳಿಯನ್ನು ಕುದಿಸಲು ಶುರು ಮಾಡುತ್ತವೆ. ಬಿಸಿ ಗಾಳಿ, ತಣ್ಣನೆಯ ಗಾಳಿ ಬೆರೆಯುವಾಗ ಬೆಳಕಿನ ಕಿರಣ ಅಡ್ಡಾದಿಡ್ಡಿ ಬಾಗುತ್ತದೆ. ಬರಿಗಣ್ಣಿಗೆ ಅದು ಬಿಸಿಲ್ಗುದುರೆ, ಟೆಲಿ ಲೆನ್ಸ್‌ಗೆ ಅದು ಮಸುಕು. ಲಕ್ಷ ರೂಪಾಯಿಯ ಲೆನ್ಸ್ ಹಾಕಿದರೂ ಇಷ್ಟೇ.

ಪರೀಕ್ಷೆ ಮಾಡಿ ನೋಡಿ. ಇನ್ನೂರು ಮುನ್ನೂರು ಮೀಟರ್ ದೂರದ ಜಾಲಿ ಮರದ ಬೊಡ್ಡೆಗೆ ಲೆನ್ಸ್ ತಿರುಗಿಸಿ, ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ. ಬೊಡ್ಡೆಯ ಅಂಚು ನೀರೊಳಗಿನ ಕೋಲಿನಂತೆ ನಡುಗುತ್ತಿದ್ದರೆ ಅಂದಿನ ದೂರದ ಕೆಲಸ ಮುಗಿಯಿತು. ಮಾರ್ಚ್‌ನಿಂದ ಮೇವರೆಗೆ ಇದು ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೇ ಶುರುವಾಗಬಹುದು. ನವೆಂಬರ್‌ನಿಂದ ಫೆಬ್ರವರಿಯವರೆಗೆ ಹತ್ತು ಹತ್ತೂವರೆ ತನಕ ಹೊತ್ತು ಸಿಗುತ್ತದೆ. ಷಟರ್ ವೇಗ ಎಷ್ಟು ಹೆಚ್ಚಿಸಿದರೂ ಈ ಮಸುಕು ಹೋಗುವುದಿಲ್ಲ. ಹೋಗುವುದು ದೂರ ಕಡಿಮೆಯಾದಾಗ ಮಾತ್ರ. ಹತ್ತು ಮೀಟರ್‌ನೊಳಗಿನ ಹಕ್ಕಿಯನ್ನು ಹನ್ನೊಂದು ಗಂಟೆಗೂ ತೆಗೆಯಬಹುದು, ಅರ್ಧ ಕಿಲೋಮೀಟರ್ ಆಚೆಯ ಕೋಟೆ ಗೋಡೆಯನ್ನು ಆಗುವುದಿಲ್ಲ. ಬಂಡೆ, ರಸ್ತೆ, ತಗಡಿನ ಮೇಲಿನಿಂದ ನೋಡುವ ಬದಲು ನೀರು ನಿಂತ ಗದ್ದೆಯ ಮೇಲಿನಿಂದ ನೋಡಿದರೆ ನಡುಕ ಕಡಿಮೆ. ಸಿರುಗುಪ್ಪದ ಕಡೆಯ ಚಿತ್ರಗಳು ಕುರುಗೋಡು ಬೆಟ್ಟದ ಚಿತ್ರಗಳಿಗಿಂತ ಹರಿತವಾಗಿ ಬರುವುದಕ್ಕೆ ಇದೇ ಕಾರಣ.

ಫೋಕಸ್ ಇಟ್ಟು ಕಾಯುವುದು

ಹಾರುವ ಹಕ್ಕಿಯ ಹಿಂದೆ ಕೈಯಿಂದ ಫೋಕಸ್ ಓಡಿಸುವುದು ವರ್ಷಗಟ್ಟಲೆ ಅಭ್ಯಾಸದ ಕೆಲಸ. ಹಕ್ಕಿ ಬರುವ ಜಾಗಕ್ಕೆ ಮೊದಲೇ ಫೋಕಸ್ ಇಟ್ಟು ಕೂರುವುದನ್ನು ಒಂದು ಭಾನುವಾರದಲ್ಲಿ ಕಲಿಯಬಹುದು. ಇದಕ್ಕೆ ಕಳ್ಳಿಪೀರದಷ್ಟು ಒಳ್ಳೆಯ ಗುರು ಇಲ್ಲ. ಅದು ಒಂದು ಕಡ್ಡಿಯ ತುದಿಯಲ್ಲಿ ಕೂರುತ್ತದೆ, ಹಾರಿ ಹುಳ ಹಿಡಿಯುತ್ತದೆ, ಮತ್ತೆ ಬಹುತೇಕ ಅದೇ ಕಡ್ಡಿಗೆ ಬರುತ್ತದೆ.

ಕುರುಗೋಡಿನ ಹೊರಗೆ ತುಂಗಭದ್ರಾ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ಆಚೆ ಒಂದು ಮೆಣಸಿನಕಾಯಿ ಹೊಲದ ಬದುವಿನಲ್ಲಿ ಇದನ್ನು ಕಲಿತೆ. ಹಕ್ಕಿಯ ಹಿಂದೆ ಓಡಾಡುತ್ತಿದ್ದ ನನ್ನನ್ನು ಹೊಲದ ತಾತ ಬಹಳ ಹೊತ್ತು ನೋಡಿ, "ತಮ್ಮಾ, ಅದೇನು ದುರ್ಬೀನಾ?" ಎಂದ. ಅಲ್ಲ ತಾತ, ಕ್ಯಾಮೆರಾ ಎಂದು ತೋರಿಸಿದೆ. ಕಣ್ಣಿಟ್ಟು ನೋಡಿದ. "ನೀನು ಯಾಕ್ ಓಡಾಡ್ತಿ, ಮೋಟ್ರು ಚಾಲೂ ಮಾಡಿದ್ರೆ ಅದೇ ಬಂದು ಆ ಕಡ್ಡಿ ಮೇಲೆ ಕುಂದರ್ತೈತೆ" ಎಂದ. ನೀರು ಹಾಯಿಸಿದಾಗ ಮಣ್ಣಿನಿಂದ ಹುಳ ಏಳುತ್ತವೆ, ಹಕ್ಕಿಗೆ ಅದು ಗೊತ್ತು, ತಾತನಿಗೂ ಗೊತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ.

ಆ ಕಡ್ಡಿಯಿಂದ ಆರು ಮೀಟರ್ ದೂರದಲ್ಲಿ ಬದುವಿಗೆ ಒರಗಿ ಕೂತೆ. ಜೀನ್ಸ್ ಚೀಲ ಬದುವಿನ ಮೇಲೆ, 200 ಎಂಎಂ ಲೆನ್ಸ್ ಅದರ ಮೇಲೆ, ಅಪರ್ಚರ್ ಎಫ್/5.6. ಲೈವ್ ವ್ಯೂನಲ್ಲಿ ಕಡ್ಡಿಯ ತುದಿಯ ಸಿಗುರು ಒಂದೊಂದೂ ಕಾಣುವಂತೆ ಹಿಗ್ಗಿಸಿ ಫೋಕಸ್ ಮಾಡಿದೆ. ಬಳೆಯನ್ನು ಸರಿಯಾದ ಜಾಗ ದಾಟಿಸಿ, ಮತ್ತೆ ಹಿಂದಕ್ಕೆ ತಂದು, ಇನ್ನೊಮ್ಮೆ ದಾಟಿಸಿ, ನಡುವೆ ನಿಲ್ಲಿಸುವುದು ಕ್ರಮ. ಬಳೆ ಅಲುಗದಂತೆ ಸಣ್ಣ ಟೇಪ್ ತುಂಡು ಅಂಟಿಸಿದೆ. ಆ ದೂರದಲ್ಲಿ, ಆ ಅಪರ್ಚರ್‌ನಲ್ಲಿ ಹರಿತವಾಗಿ ಬರುವುದು ಸುಮಾರು 20 ಸೆಂಟಿಮೀಟರ್ ಆಳ ಮಾತ್ರ, ಕಡ್ಡಿಯ ಮುಂದೆ ಒಂದು ಅಂಗೈ ಅಗಲ, ಹಿಂದೆ ಒಂದು ಅಂಗೈ ಅಗಲ. ಹಕ್ಕಿ ಬಂದು ಕೂತರೆ ಅದರೊಳಗೇ ಇರುತ್ತದೆ. ಮೋಟರ್ ಶುರುವಾಗಿ ಹತ್ತು ನಿಮಿಷಕ್ಕೆ ಬಂತು. ಕೊಕ್ಕಿನಲ್ಲಿ ಹಿಡಿದ ಜೇನುಹುಳವನ್ನು ಕಡ್ಡಿಗೆ ಎರಡು ಸಲ ಬಡಿಯಿತು. ಆ ಹುಳದ ರೆಕ್ಕೆಯ ನರಗಳು ಚಿತ್ರದಲ್ಲಿ ಎಣಿಸುವಷ್ಟು ಸ್ಪಷ್ಟವಾಗಿವೆ.

ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿಯೇ ಫೋಕಸ್ ಮಾಡುವವರು ಎರಡು ವಿಷಯ ಗಮನಿಸಬೇಕು. ಕಣ್ಣಿಡುವ ಕಿಂಡಿಯ ಪಕ್ಕದ ಪುಟ್ಟ ಚಕ್ರವನ್ನು ನಿಮ್ಮ ಕಣ್ಣಿಗೆ ತಕ್ಕಂತೆ ಮೊದಲು ಹೊಂದಿಸಿಕೊಳ್ಳಿ. ಒಳಗಿನ ಅಂಕಿಗಳು ಚೊಕ್ಕವಾಗಿ ಕಾಣುವವರೆಗೆ ತಿರುಗಿಸಿದರೆ ಸಾಕು. ನಿಕಾನ್‌ನಲ್ಲಿ ಫೋಕಸ್ ಸರಿಯಾದಾಗ ಮೂಲೆಯಲ್ಲಿ ಹಸಿರು ಚುಕ್ಕೆ ಬೆಳಗುತ್ತದೆ. ಎಫ್/5.6 ಅಥವಾ ಅದಕ್ಕಿಂತ ತೆರೆದ ಲೆನ್ಸ್‌ಗಳಲ್ಲಿ ಅದನ್ನು ನಂಬಬಹುದು, ಎಫ್/8ರ ಮಿರರ್ ಲೆನ್ಸ್‌ನಲ್ಲಿ ನಂಬಬೇಡಿ. ಲೆನ್ಸ್ ಮೇಲಿನ ಅನಂತದ ಗುರುತನ್ನೂ ನಂಬಬೇಡಿ. ಅಡಾಪ್ಟರ್ ಹಾಕಿದ ಮೇಲೆ ಅದು ಸಾಮಾನ್ಯವಾಗಿ ತಪ್ಪಿರುತ್ತದೆ.

ಎಲ್ಲಿ, ಯಾವಾಗ

ಕಾಲುವೆಗೆ ನೀರು ಬಿಟ್ಟು ಸಿರುಗುಪ್ಪದ ಕಡೆ ನಾಟಿಗೆ ಗದ್ದೆ ಕಲಸುವ ದಿನಗಳನ್ನು ಕಾದಿರಿಸಿಕೊಳ್ಳಿ. ಟ್ರ್ಯಾಕ್ಟರ್ ಕೆಸರಿನಲ್ಲಿ ತಿರುಗುತ್ತಿದ್ದರೆ ಹಿಂದೆ ಬೆಳ್ಳಕ್ಕಿಗಳ ಹಿಂಡು. ಟ್ರ್ಯಾಕ್ಟರ್ ಒಂದೇ ದಾರಿಯಲ್ಲಿ ಸುತ್ತುವುದರಿಂದ ಮುಂದಿನ ಸುತ್ತಿಗೆ ಎಲ್ಲಿ ಬರುತ್ತದೆಂದು ಗೊತ್ತಿರುತ್ತದೆ. ಬದುವಿನ ಒಂದು ಗುರುತಿಗೆ ಫೋಕಸ್ ಇಟ್ಟು ಕೂತರೆ ಹಕ್ಕಿಗಳೇ ಚೌಕಟ್ಟಿನೊಳಗೆ ಬರುತ್ತವೆ. ಸೂರ್ಯ ಬೆನ್ನ ಹಿಂದಿರಲಿ. ಹಳೆಯ ಲೆನ್ಸ್‌ಗಳ ಲೇಪನ ದುರ್ಬಲ, ಎದುರು ಬೆಳಕು ಬಿದ್ದರೆ ಚಿತ್ರ ತೊಳೆದಂತಾಗುತ್ತದೆ. ಬಿಳಿ ಹಕ್ಕಿಯ ಅಂಚಿಗೆ ನೇರಳೆ ಗೆರೆಯೂ ಕಟ್ಟುತ್ತದೆ. ಕಪ್ಪು ಡ್ರಾಯಿಂಗ್ ಶೀಟ್ ಸುತ್ತಿ ಮುಂದಕ್ಕೆ ಚಾಚುವಂತೆ ಹುಡ್ ಮಾಡಿಕೊಂಡು, ಅಪರ್ಚರ್ ಎರಡು ಹೆಜ್ಜೆ ಇಳಿಸಿದರೆ ಎರಡೂ ತಕ್ಕಮಟ್ಟಿಗೆ ತಗ್ಗುತ್ತವೆ.

ಮೆಣಸಿನಕಾಯಿ ಒಣಗಿಸುವ ಕಣದಲ್ಲಿ ಹತ್ತಿರ ಹೋದರೆ ಕೆಮ್ಮು, ಕಣ್ಣುರಿ. 135 ಎಂಎಂ ಇದ್ದರೆ ದೂರದಿಂದಲೇ ಕಾಯಿ ಹರಡುವ ಕೈಗಳನ್ನು, ಆ ಕೆಂಪನ್ನು ಹಿಡಿಯಬಹುದು. ಆದರೆ ಕೆಂಪು ಬಣ್ಣ ಡಿಜಿಟಲ್ ಸೆನ್ಸರ್‌ಗೆ ಬೇಗ ತುಂಬಿಹೋಗುತ್ತದೆ. ಮುಕ್ಕಾಲು ಸ್ಟಾಪ್ ಇಳಿಸಿ, ಇಲ್ಲದಿದ್ದರೆ ರಾಶಿಯೆಲ್ಲ ಬಣ್ಣ ಸುರಿದ ಹಾಗೆ ಒಂದೇ ಮುದ್ದೆಯಾಗುತ್ತದೆ. ಕೆಲಸ ಮಾಡುವ ಅಕ್ಕಂದಿರನ್ನು ಕೇಳಿಯೇ ತೆಗೆಯಿರಿ. ಲೆನ್ಸ್ ದೂರದಿಂದ ನೋಡುತ್ತದೆ ಎಂದಮಾತ್ರಕ್ಕೆ ಕೇಳದೆ ತೆಗೆಯುವ ಹಕ್ಕು ಬರುವುದಿಲ್ಲ.

ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಮಾಳಿಗೆಯ ಮೇಲಿನಿಂದ 135 ಎಂಎಂ ಹೇಳಿ ಮಾಡಿಸಿದ್ದು. ತೇರು ಸಾಗುವ ದಾರಿ ಗೊತ್ತು, ವೇಗ ನಿಧಾನ. ಗರ್ಭಗುಡಿಯ ಬೃಹತ್ ಬಸವನಿಗೆ ಮಾತ್ರ ಟೆಲಿ ಬೇಡ. ಕುರುಗೋಡು ಸಿಂದರ ರಾಜಧಾನಿಯಾಗಿದ್ದ ಊರು, ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಬೆಟ್ಟದ ಬುಡದಲ್ಲಿವೆ. ಆ ಗುಡಿಗಳನ್ನು ದೂರದಿಂದ ಟೆಲಿಯಲ್ಲಿ ನೋಡಿದರೆ ಹಿಂದಿನ ಬಂಡೆಗಳು ಮುಂದಕ್ಕೆ ಸರಿದು ಗುಡಿಯ ನೆತ್ತಿಯ ಮೇಲೆ ಕೂತಂತೆ ಕಾಣುತ್ತದೆ. ಬರಿಗಣ್ಣಿಗೆ ಈ ನೋಟ ಸಿಗುವುದಿಲ್ಲ.

ಹುಣ್ಣಿಮೆಯ ಚಂದ್ರನನ್ನು ಇದೇ ಬೆಟ್ಟದ ಜೊತೆ ತೆಗೆಯುವುದಕ್ಕೆ ಒಂದು ಲೆಕ್ಕವಿದೆ. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಒಂದು ಕಿಲೋಮೀಟರ್ ದೂರದಲ್ಲಿರುವ 9 ಮೀಟರ್ ಎತ್ತರದ ಗುಂಡು ಚಂದ್ರನಷ್ಟೇ ಕಾಣುತ್ತದೆ. ಚಂದ್ರ ದೊಡ್ಡದಾಗಿ ಕಾಣಬೇಕೆಂದರೆ ಬೆಟ್ಟದಿಂದ ದೂರ ಹೋಗಿ ನಿಲ್ಲಿ. ಎರಡು ಕಿಲೋಮೀಟರ್ ಹೋದರೆ ಕೋಟೆಯ 9 ಮೀಟರ್ ಬುರುಜು ಚಂದ್ರನ ಅರ್ಧಕ್ಕೆ ಬರುತ್ತದೆ. 300 ಎಂಎಂ ಲೆನ್ಸ್‌ನಲ್ಲಿ ಚಂದ್ರ ಸೆನ್ಸರ್ ಮೇಲೆ 2.7 ಮಿಲಿಮೀಟರ್ ಅಗಲ ಮೂಡುತ್ತದೆ. ಮೇಲೇರಿದ ಚಂದ್ರನಿಗೆ ಐಎಸ್‌ಒ 200, ಎಫ್/8, 1/400 ಸಾಕು. ದಿಗಂತದಲ್ಲಿ ಕೆಂಪಗಿರುವಾಗ ಎರಡು ಮೂರು ಸ್ಟಾಪ್ ಹೆಚ್ಚು ಬೇಕು. ಸೂರ್ಯನ ವಿಷಯದಲ್ಲಿ ಈ ಆಟ ಬೇಡ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ ಟೆಲಿ ಮೂಲಕ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ.

ಸುತ್ತಮುತ್ತ ಹೋಗಿಬರುವವರಿಗೆ ಇನ್ನೆರಡು ಮಾತು. ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರ ಕೆರೆ 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿ ನೀರಿನ ನಡುವಿನ ಜಾಲಿ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳಿಗೆ 300 ಎಂಎಂ ಒಯ್ಯಿರಿ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಿಂದ ಕರಡಿ ಕಾಣುವ ಹೊತ್ತು ಮಧ್ಯಾಹ್ನದ ನಂತರದ್ದು, ನಡುವೆ ಕಾದ ಬಂಡೆ. ಅಗ್ಗದ 500 ಎಂಎಂನಿಂದ ಅಲ್ಲಿ ಹೆಚ್ಚು ನಿರೀಕ್ಷಿಸಬೇಡಿ, ಕಣ್ತುಂಬ ನೋಡಿಬನ್ನಿ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶ. ಅದೇ ನದಿಯಲ್ಲಿ ಮೊಸಳೆಯೂ ಇದೆ, ಚಿತ್ರದ ಆಸೆಗೆ ನೀರಂಚಿಗೆ ಇಳಿಯಬೇಡಿ.

ಜೋಪಾನ

ಬೂಷ್ಟು ನಮ್ಮ ಒಣ ಹವೆಯಲ್ಲಿ ಕಡಿಮೆ, ದೂಳು ಜಾಸ್ತಿ. ಎರೆಹೊಲದಲ್ಲಿ ನಿಂತು ಲೆನ್ಸ್ ಬದಲಿಸಬಾರದು. ಮಳೆಗಾಲದಲ್ಲಿ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆಯ ಜೊತೆ ಇಡಿ. ಮುಚ್ಚಳವಿಲ್ಲದ ಲೆನ್ಸನ್ನು ಕಿಟಕಿಯ ಬಿಸಿಲಿಗೆ ಇಡಲೇಬಾರದು, ಭೂತಗನ್ನಡಿಯಂತೆ ಬಟ್ಟೆ ಕಾಗದ ಸುಡುತ್ತದೆ.

ಓಡಾಡುವ ಮಕ್ಕಳು, ಕಬಡ್ಡಿ, ಮದುವೆ ಮೆರವಣಿಗೆ ಇವೇ ನಿಮಗೆ ಮುಖ್ಯವಾದರೆ ಕೈ ಫೋಕಸ್ ಲೆನ್ಸ್ ಬೇಡ. ಅದೇ ದುಡ್ಡಿಗೆ ತುಸು ಸೇರಿಸಿ ಬಳಸಿದ 55-250 ಅಥವಾ 55-200 ಆಟೊಫೋಕಸ್ ಲೆನ್ಸ್ ಕೊಳ್ಳಿ. ಇದನ್ನು ಮುಚ್ಚಿಟ್ಟು ಹಳೆಯ ಲೆನ್ಸನ್ನು ಹೊಗಳುವುದು ಓದುಗರಿಗೆ ಮಾಡುವ ಮೋಸ. ಕೂತು ಕಾಯುವುದರಲ್ಲಿ ಸುಖ ಕಾಣುವವರಿಗೆ, ಬೆಳಿಗ್ಗೆ ಐದಕ್ಕೆ ಏಳಬಲ್ಲವರಿಗೆ ಹಳೆಯ ಲೆನ್ಸ್ ಸರಿ.

ಕೊನೆಗೊಂದು ವಿನಂತಿ. ಸಿರುಗುಪ್ಪ ತಾಲ್ಲೂಕಿನ ಎರೆಹೊಲ, ಹುಲ್ಲುಗಾವಲುಗಳಲ್ಲಿ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಬೆರಳೆಣಿಕೆಯಷ್ಟು ಉಳಿದುಕೊಂಡಿದೆ. ಕರ್ನಾಟಕದಲ್ಲಿ ಅದರ ಕೊನೆಯ ನೆಲೆ ಇದು. ಟೆಲಿ ಲೆನ್ಸ್ ಕೈಗೆ ಬಂದವರಿಗೆಲ್ಲ ಒಂದು ದಿನ ಅದನ್ನು ಹುಡುಕಿಕೊಂಡು ಹೋಗುವ ಆಸೆ ಹುಟ್ಟುತ್ತದೆ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುವ ಹಕ್ಕಿ ಅದು. ಗಾಬರಿಯಾಗಿ ಎದ್ದು ಹೋದರೆ ಆ ವರ್ಷದ ಸಂತಾನವೇ ಹೋಗಬಹುದು. ದಯವಿಟ್ಟು ಹುಡುಕಿಕೊಂಡು ಹೋಗಬೇಡಿ. ಆಕಸ್ಮಿಕವಾಗಿ ಕಣ್ಣಿಗೆ ಬಿದ್ದರೆ ನಿಂತಲ್ಲಿಂದಲೇ ಹಿಂದೆ ಸರಿಯಿರಿ, ಜಾಗದ ಹೆಸರು ಹಾಕಿ ಚಿತ್ರ ಹಂಚಬೇಡಿ, ಅರಣ್ಯ ಇಲಾಖೆಗೆ ಮಾತ್ರ ತಿಳಿಸಿ.